ಐಸು ಹಾಕಿದ ಕೋಳಿ ಶೆಡ್ಡು

ಮಧ್ಯಾಹ್ನ ಉಂಡಾದ ಮೇಲೆ ಬೀಜಾಡಿಯ ಹೆಂಗಸರು ಒಂದು ಗಳಿಗೆ ನೆಲಕ್ಕೆ ಬೆನ್ನು ಹಚ್ಚುತ್ತಾರೆ. ನನಗೆ ಅದು ಹಣೆಯಲ್ಲಿ ಬರೆದಿಲ್ಲ. ಆ ಬೇಸಗೆಯಂತೂ ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ, ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಕೋಳಿ ಶೆಡ್ಡಿಗೆ ತಿರುಗುವುದೇ ಕೆಲಸವಾಗಿತ್ತು. ಶೆಡ್ಡಿನ ಬಲೆಗೆ ಮುಖ ಹಚ್ಚಿ ನೋಡಿದರೆ ಸಾವಿರಗಟ್ಟಲೆ ಕೋಳಿಗಳು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು, ಗಂಟಲು ಪಟಪಟ ಬಡಿಸಿಕೊಂಡು. ನೋಡುತ್ತ ನಿಂತರೆ ನನಗೂ ಉಸಿರು ಕಟ್ಟಿದಂತಾಗುತ್ತಿತ್ತು. ಆದರೂ ನೋಡದೆ ಇರಲಾಗುತ್ತಿರಲಿಲ್ಲ.

ಶೆಡ್ಡಿಗೂ ಮನೆಗೂ ನಡುವೆ ನಮ್ಮ ಬಾವಿ. ನಮ್ಮದು ಎಂದರೆ ಅರ್ಧ ನಮ್ಮದು. ಕಟ್ಟೆಯ ಈ ಬದಿಯಿಂದ ನಾವು ಸೇದುತ್ತೇವೆ, ಆ ಬದಿಯಿಂದ ಆಚೆಮನೆಯ ಅಕ್ಕ. ಅವರು ನಮ್ಮನೆಯವರಿಗೆ ದೊಡ್ಡಪ್ಪನ ಮಗಳು, ಗಂಡ ತೀರಿಕೊಂಡ ಮೇಲೆ ತವರಿನ ಪಾಲಿನಲ್ಲೇ ಮನೆ ಕಟ್ಟಿಕೊಂಡವರು. ಆ ಬೇಸಗೆಯಲ್ಲಿ ಅವರ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಬಾಣಂತನ ಎಂದರೆ ನೀರು ಎಂದೇ ಅರ್ಥ. ಬೆಳಿಗ್ಗೆ ಎದ್ದರೆ ಹಂಡೆಗಟ್ಟಲೆ ಕಾಯಬೇಕು, ತಾಯಿಗೆ ಎರೆಯಬೇಕು, ಮಗುವನ್ನು ಮೀಯಿಸಬೇಕು, ಬಟ್ಟೆ ಒಗೆಯಬೇಕು. ಮರಳಿನ ನೆಲ, ಕಡಲು ಕೂಗಳತೆಯಲ್ಲಿದೆ. ಸುತ್ತಲಿನ ಎಷ್ಟೋ ಬಾವಿಗಳ ನೀರು ಬೇಸಗೆಯಲ್ಲಿ ಉಪ್ಪಾಗುತ್ತದೆ. ನಮ್ಮದು ಮಾತ್ರ ಸಿಹಿ. ಈ ನೀರೊಂದಿದೆಯಲ್ಲ ಎಂಬ ಧೈರ್ಯದಿಂದಲೇ ಅಕ್ಕ ಮಗಳನ್ನು ಕರೆಸಿಕೊಂಡಿದ್ದರು.

ಕೋಳಿ ಸಾಕುವವರ ಮನೆತನವಲ್ಲ ನಮ್ಮದು. ಮೀನಿನವರು. ಅತ್ತೆ ತಲೆ ಮೇಲೆ ಬುಟ್ಟಿ ಹೊತ್ತು ಕೋಟೇಶ್ವರದ ಬೀದಿ ಬೀದಿ ತಿರುಗಿದವರು, ನಮ್ಮನೆಯವರು ಬಂದರಿನಿಂದ ಮೀನು ಹೇರಿಕೊಂಡು ಟೆಂಪೋ ಓಡಿಸಿದವರು. ಬರಬರುತ್ತ ಟೆಂಪೋ ತುಂಬುವಷ್ಟು ಒಳ್ಳೆಯ ಮೀನು ಸಿಗದಾಯಿತು. ಬಲೆಗೆ ಬಿದ್ದ ಮರಿಮೀನನ್ನೆಲ್ಲ ಫಿಶ್‌ಮೀಲ್ ಕಾರ್ಖಾನೆಗೆ ಕೊಂಡೊಯ್ದು ಒಣಗಿಸಿ ಪುಡಿ ಮಾಡುತ್ತಾರೆ. ಆ ಪುಡಿ ಕೋಳಿಯ ಆಹಾರಕ್ಕೂ ಹೋಗುತ್ತದಂತೆ. ನಾಳೆ ದೊಡ್ಡದಾಗಿ ನಮ್ಮ ಬುಟ್ಟಿಗೆ ಬರಬೇಕಿದ್ದ ಬಂಗುಡೆ ಇವತ್ತೇ ಹಿಟ್ಟಾಗಿ ಕೋಳಿ ಹೊಟ್ಟೆ ಸೇರುವುದು ನನಗೆ ಈಗಲೂ ಸಿಟ್ಟು ತರಿಸುತ್ತದೆ. ಇದನ್ನು ಹೇಳಿದಾಗ ನಮ್ಮನೆಯವರು, "ಮೀನ್ ಅಲ್ಲಿಗೇ ಹೋತ್ತ್ ಅಂದ್ರೆ ನಾವೂ ಅಲ್ಲಿಗೇ ಹೋಪ" ಎಂದು ನಕ್ಕು ಶೆಡ್ಡು ಕಟ್ಟಿಸಿಯೇ ಬಿಟ್ಟರು. ಮರಿ, ಆಹಾರ, ಔಷಧಿ ಕೋಳಿ ಕಂಪನಿಯದ್ದು, ಬೆಳೆದ ಮೇಲೆ ಒಯ್ಯುವವರೂ ಅವರೇ. ಜಾಗ, ಕರೆಂಟು, ನೀರು, ಮೈಕೈ ನೋವು ನಮ್ಮದು.

ಶೆಡ್ಡು ಕಟ್ಟುವಾಗ ಪಡುಬದಿಗೆ ಕೆಂಪುಕಲ್ಲಿನ ಗೋಡೆಯನ್ನು ಮಾಡಿನವರೆಗೂ ಏರಿಸಿದರು. ಮಳೆ ಹೊಡೆಯುವುದು ಆ ಕಡೆಯಿಂದಲೇ ಅಲ್ಲವೆ? ಈ ಊರಲ್ಲಿ ಯಾರು ಏನು ಕಟ್ಟಿದರೂ ಮೊದಲು ಪಡುವಣ ಮುಚ್ಚುತ್ತಾರೆ. ಗಾಳಿ ಬರುವುದೂ ಅದೇ ಕಡೆಯಿಂದ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಉಳಿದ ಬದಿಗಳಿಗೆ ಬಲೆ, ಬಲೆಯ ಮೇಲೆ ಏರಿಸಿ ಇಳಿಸುವ ಟರ್ಪಾಲು, ಮೇಲೆ ಫ್ಯಾನುಗಳು.

ಮರಿಗಳು ಬರುವಾಗ ಹಳದಿ ಹತ್ತಿಯ ಉಂಡೆಗಳು. ಅವುಗಳಿಗೆ ಸ್ವಂತ ಬಿಸಿ ಹಿಡಿದುಕೊಳ್ಳಲು ಬರುವುದಿಲ್ಲ. ಸುತ್ತ ತಗಡು ಕಟ್ಟಿ, ಬಲ್ಬು ಇಳಿಬಿಟ್ಟು ಕಾವು ಕೊಡಬೇಕು. ಕಾವು ಕಡಿಮೆಯಾದರೆ ಒಂದರ ಮೇಲೊಂದು ಬಿದ್ದು ಒತ್ತಿಕೊಳ್ಳುತ್ತವೆ, ಹೆಚ್ಚಾದರೆ ತಗಡಿನ ಅಂಚಿಗೆ ಓಡುತ್ತವೆ. ಕೆಲವೇ ವಾರ, ಅಷ್ಟರಲ್ಲಿ ಎಲ್ಲ ತಿರುಗುಮುರುಗು. ತಿಂದದ್ದೆಲ್ಲ ಮಾಂಸವಾಗಿ, ಆ ಮಾಂಸವೆಲ್ಲ ಬಿಸಿಯಾಗಿ, ಮೇಲೆ ರೆಕ್ಕೆಪುಕ್ಕದ ಹೊದಿಕೆ ಬೇರೆ. ಇದ್ದ ಬಿಸಿಯನ್ನು ಎಲ್ಲಿ ಎಸೆಯುವುದು ಎಂಬುದೇ ಅವುಗಳ ಕಷ್ಟವಾಗುತ್ತದೆ.

ಕಿರಿಮಂಜೇಶ್ವರದ ನನ್ನ ತವರಿನಲ್ಲೂ ಕೋಳಿಗಳಿದ್ದವು, ಊರ ಕೋಳಿಗಳು. ಸೆಕೆ ಏರಿದರೆ ಅವು ಯಾರನ್ನೂ ಕೇಳುತ್ತಿರಲಿಲ್ಲ. ಸೌದೆಯ ಅಡಿಗೆ ನುಗ್ಗಿ, ಬಾಳೆಬುಡದ ತಂಪು ಮಣ್ಣು ಕೆದಕಿ, ಹೊಟ್ಟೆ ಒತ್ತಿ ಮಲಗುತ್ತಿದ್ದವು. ಶೆಡ್ಡಿನದಕ್ಕೆ ಓಡಲು ಜಾಗವಿಲ್ಲ, ಓಡುವಷ್ಟು ಕಾಲಿಗೆ ಬಲವೂ ಇಲ್ಲ. ಕೂತಲ್ಲೇ ಬಾಯಿ ಬಿಡಬೇಕು.

ಆ ದಿನ ಬೆಳಿಗ್ಗೆಯಿಂದಲೇ ಎಲೆ ಅಲುಗುತ್ತಿರಲಿಲ್ಲ. ಬೆವರು ಒರೆಸಿದಷ್ಟೂ ಬರುತ್ತಿತ್ತು. ಊಟದ ಹೊತ್ತಿಗೆ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋಯಿತು. ಫ್ಯಾನುಗಳು ನಿಧಾನಕ್ಕೆ ತಿರುಗಿ ನಿಂತವು. ನಾನು ಶೆಡ್ಡಿಗೆ ಓಡಿದೆ. ಏದುಸಿರಿನ ಶಬ್ದ ಎಷ್ಟು ದೊಡ್ಡದಾಗಿತ್ತೆಂದರೆ ಮನೆ ಜಗಲಿಯವರೆಗೂ ಕೇಳುತ್ತಿತ್ತು. ನನ್ನ ಕೂಗಿಗೆ ನಮ್ಮನೆಯವರೂ ಅತ್ತೆಯೂ ಬಂದರು. ಅತ್ತೆ ಬಲೆಯೊಳಗೆ ಒಮ್ಮೆ ಇಣುಕಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡರು.

"ಮೀನ್ ಹಾಳಾಪ್ದ್ ಎಂತಕೆ? ಸೆಕೆಗೆ. ಕೋಳಿ ಸಾಯೂದ್ ಎಂತಕೆ? ಸೆಕೆಗೆ. ಐಸ್ ತಕಂಡ್ ಬಾ ಮಗಾ" ಎಂದರು.

ನಮಗೆಲ್ಲ ಅದು ಎಷ್ಟು ಸರಿ ಕಂಡಿತೆಂದರೆ ಇಷ್ಟು ಹೊತ್ತು ಯಾಕೆ ಹೊಳೆಯಲಿಲ್ಲ ಎಂದು ಬೈದುಕೊಂಡೆವು. ಹುಟ್ಟಿದಾಗಿನಿಂದ ಐಸಿನ ಜತೆ ಬದುಕಿದವರು ನಾವು. ನಮ್ಮನೆಯವರು ಟೆಂಪೋ ತೆಗೆದುಕೊಂಡು ಐಸ್ ಪ್ಲಾಂಟಿಗೆ ಹೋಗಿ ಪುಡಿ ಐಸು ತುಂಬಿಸಿಕೊಂಡು ಬಂದರು. ಮೀನಿನ ಪೆಟ್ಟಿಗೆಗಳಲ್ಲಿ ಹೊತ್ತು ತಂದು, ಕೋಳಿಗಳ ನಡುವೆ ಹಾದಿ ಮಾಡಿಕೊಂಡು, ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟಿನ ಮೇಲೆ ಸುರಿದೆವು. ನಾನೂ ಸುರಿದೆ, ಕೈ ಮರಗಟ್ಟುವವರೆಗೆ. ಹತ್ತಿರದ ಕೋಳಿಗಳು ಐಸಿಗೆ ಎದೆ ಒತ್ತಿ ಕೂತವು. ಅತ್ತೆಯ ಮುಖ ಅರಳಿತು.

"ಗಾಳಿ ಹೊಕ್ರೆ ಐಸ್ ಕರಗ್ತ್. ಟರ್ಪಾಲ್ ಇಳ್ಸಿ, ಒಂಚೂರೂ ಸಂದಿ ಬಿಡೂಕಾಗ" ಎಂದರು.

ಮೀನಿನ ಪೆಟ್ಟಿಗೆಗೆ ಮುಚ್ಚಳ ಬಿಗಿದಷ್ಟೂ ಒಳ್ಳೆಯದು. ನಾವು ಟರ್ಪಾಲನ್ನು ನೆಲದವರೆಗೆ ಇಳಿಸಿ, ಅಂಚಿಗೆ ಕಲ್ಲು ಹೇರಿ, ಜಗಲಿಗೆ ಬಂದು ಕೂತೆವು. ಅತ್ತೆ ಎಲೆ ಅಡಿಕೆ ಹಾಕಿಕೊಂಡರು. ನನಗೆ ಕೂರಲಾಗಲಿಲ್ಲ. ಹೋಗಿ ಟರ್ಪಾಲಿಗೆ ಕಿವಿ ಕೊಟ್ಟೆ, ಬಂದೆ, ಮತ್ತೆ ಹೋದೆ. "ಹೆಣೆ, ನಿನ್ ಕಾಲಿಗೆ ಎಂತ ಚಕ್ರ ಇತ್ತಾ? ಒಂದ್ ಗಳಿಗಿ ಕೂಕೊ" ಎಂದು ಅತ್ತೆ ಗದರಿದರು. ಸ್ವಲ್ಪ ಹೊತ್ತಿನಲ್ಲಿ ಏದುಸಿರಿನ ಶಬ್ದ ಕಡಿಮೆಯಾಗತೊಡಗಿತು. ಆಮೇಲೆ ನಿಂತೇ ಹೋಯಿತು. "ಕಾಣ್, ತಂಪಾಯ್ತ್. ಹ್ಯಾಂಗ್ ತಣ್ಣಗ್ ಕೂಕಂಡಿತ್ ಕಾಣ್" ಎಂದರು ಅತ್ತೆ. ನಮ್ಮನೆಯವರು ಗೆದ್ದವರಂತೆ ಅಂಗಿ ಬಿಚ್ಚಿ ಕಂಬಕ್ಕೆ ಒರಗಿದರು. ನಾವೆಲ್ಲ ಆ ಮೌನವನ್ನು ಕೇಳಿ ಸಂತೋಷಪಟ್ಟೆವು.

ನಾನೇ ಹೋಗಿ ಟರ್ಪಾಲು ಎತ್ತಿದ್ದು. ಒಳಗಿನಿಂದ ಕುಚ್ಚಲಕ್ಕಿ ಬೇಯುವ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಮುಖಕ್ಕೆ ಹೊಡೆಯಿತು. ಒದ್ದೆ ಹಿಕ್ಕೆಯ ಘಾಟಿಗೆ ಕಣ್ಣು ಉರಿದು ನೀರು ಸುರಿಯಿತು. ಕಣ್ಣೊರೆಸಿಕೊಂಡು ನೋಡಿದರೆ ಕೋಳಿಗಳು ಕತ್ತು ಚಾಚಿ, ಅಷ್ಟೂ ಒಂದೇ ರೀತಿ, ಮಲಗಿದ್ದವು. ಗೋಡೆಯ ಬದಿಯಲ್ಲಿ ಒಂದಷ್ಟು ಇನ್ನೂ ಕೊಕ್ಕು ಆಡಿಸುತ್ತಿದ್ದವು. ನಾನು "ಹ್ವಾಯ್, ಬನ್ನಿ! ಎಲ್ಲ ಹೋಯ್ತ್!" ಎಂದು ಬಾಯಿ ಬಡಿದುಕೊಂಡೆ.

ಕಂಪನಿಯ ಹುಡುಗ ಮರುದಿನ ಬಂದ. ಘಟ್ಟದ ಮೇಲಿನವನು, ಬೈಯುವ ಸ್ವಭಾವದವನಲ್ಲ. ಕರಗಿದ ಐಸಿನ ಕೆಸರಲ್ಲಿ ನಿಂತು ತಲೆ ಕೆರೆದುಕೊಂಡ. "ಅಮ್ಮ, ಕೋಳಿ ಬೆವರೋದಿಲ್ಲ. ಜುಟ್ಟು, ಕಾಲಿಂದ ಒಂಚೂರು ಬಿಸಿ ಹೋಗುತ್ತೆ, ಉಳಿದದ್ದೆಲ್ಲ ಉಸಿರಲ್ಲಿ ನೀರಾವಿಯಾಗಿ ಹೊರಗೆ ಹೋಗಬೇಕು. ಗಾಳಿಯಲ್ಲೇ ನೀರು ತುಂಬಿದ್ರೆ ಆ ಆವಿ ಎಲ್ಲಿಗೆ ಹೋಗುತ್ತೆ?" ಎಂದ. ಕರಾವಳಿಯ ಗಾಳಿ ಮೊದಲೇ ಒದ್ದೆ, ಅದನ್ನು ಕಟ್ಟಿಹಾಕಿ ಮೇಲಿಂದ ಐಸು ಕರಗಿಸಿದ್ದೆವು ನಾವು. ಅತ್ತೆ ಖಾಲಿ ಮೀನಿನ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದರು. ಸತ್ತ ಮೀನನ್ನು ಕೆಡದಂತೆ ಇಡುವ ವಿದ್ಯೆ ಅವರದ್ದು, ಅದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಬದುಕಿದ್ದನ್ನು ತಂಪಾಗಿಡುವುದು ಬೇರೆಯೇ ವಿದ್ಯೆ ಎಂದು ನಮಗಾರಿಗೂ ಗೊತ್ತಿರಲಿಲ್ಲ.

ಆದರೆ ನಾನು ಹೇಳಹೊರಟದ್ದು ಕೋಳಿ ಸತ್ತ ಕತೆಯಲ್ಲ. ಸತ್ತ ಕೋಳಿಗಳನ್ನು ಏನು ಮಾಡಿದೆವು ಎಂಬುದು.

ಬಾವಿಯಿಂದ ದೂರ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ ಎಂದು ಹೇಳಿ ಆ ಹುಡುಗ ಹೋದ. ದೂರ ಎಂದರೆ ಎಲ್ಲಿ? ನಮ್ಮ ಜಾಗದ ಆ ತುದಿಯಲ್ಲಿ ನಿಂತು ಕೆಮ್ಮಿದರೆ ಈ ತುದಿಯಲ್ಲಿ ಕೇಳುತ್ತದೆ. ಆಳ ಎಂದರೆ ಎಷ್ಟು? ಎದೆಮಟ್ಟ ತೋಡುವಷ್ಟರಲ್ಲಿ ಮರಳಿನಲ್ಲಿ ನೀರು ಒಸರುತ್ತದೆ. ನಮ್ಮನೆಯವರು ಹಿತ್ತಲಿನ ತೆಂಗಿನ ಬುಡದ ಮಣ್ಣು ಬಿಡಿಸಲು ಶುರುಮಾಡಿದರು. ಮಾರಾಟವಾಗದೆ ಕೊಳೆತ ಮೀನನ್ನು ತೆಂಗಿನ ಬುಡಕ್ಕೆ ಹಾಕುವುದು ಇಲ್ಲಿ ಎಲ್ಲರೂ ಮಾಡುವುದೇ. ಮೀನು ಉಂಡ ಮರ ಬೇರೆಯೇ ಕಾಯಿ ಬಿಡುತ್ತದೆ. ಅಕ್ಕ ಬೇಲಿಯಾಚೆಯಿಂದ ನೋಡಿದವರು ನನ್ನನ್ನು ಕರೆದರು.

"ಮಾರಾಯ್ತಿ, ನಮ್ ಮರದ್ ಬುಡಕ್ಕೂ ಎರಡ್ ಬುಟ್ಟಿ ಹಾಕೂಕ್ ಹೇಳ್. ಸುಮ್ನೆ ಹಾಳ್ ಮಾಡೂದ್ ಎಂತಕೆ?"

ಅವರ ಮರಕ್ಕೂ ಹಾಕಿದೆವು. ಒದ್ದೆಯಾದ ಹೊಟ್ಟಿನ ಕತೆ ಇನ್ನೊಂದು. ಒಣ ಗೊಬ್ಬರವಾಗಿದ್ದರೆ ಬ್ರಹ್ಮಾವರ ಕಡೆಯ ತರಕಾರಿ ಬೆಳೆಯುವವರು ಲಾರಿ ತಂದು ನಿಲ್ಲುತ್ತಿದ್ದರು. ಈ ಕೆಸರನ್ನು ಮುಟ್ಟಲು ಯಾರೂ ಬರಲಿಲ್ಲ. ಶೆಡ್ಡಿನ ಹಿಂದೆ ರಾಶಿ ಹಾಕಿದೆವು. ನೊಣ ಎದ್ದವು. ಅನ್ನದ ತಟ್ಟೆಗೆ ಒಂದು ಕೈ, ನೊಣ ಓಡಿಸಲು ಒಂದು ಕೈ. ತೆಕ್ಕಟ್ಟೆಯಿಂದ ಬಂದ ನಾದಿನಿ ಚಾ ಕುಡಿಯದೆ ಎದ್ದು ಹೋದಳು. ಅಷ್ಟರಲ್ಲಿ ಅಕ್ಕನ ಮಗಳಿಗೆ ಹೆರಿಗೆಯಾಗಿ, ಹೆಣ್ಣುಮಗು ಮನೆಗೆ ಬಂತು. ಆ ತೊಟ್ಟಿಲಿಗೆ ಹಗಲೂ ಸೊಳ್ಳೆಪರದೆ. ಅದನ್ನು ನೋಡುವಾಗ ನನಗೆ ಮುಖ ಎತ್ತಲಾಗುತ್ತಿರಲಿಲ್ಲ.

ಮಳೆ ಹಿಡಿಯಿತು. ಬಾವಿಯಲ್ಲಿ ನೀರು ದಿನದಿನಕ್ಕೂ ಮೇಲೆ ಬಂತು. ಒಂದು ಬೆಳಿಗ್ಗೆ ಮೊದಲ ಕೊಡ ಎತ್ತಿ ಸೊಂಟಕ್ಕಿಟ್ಟವಳು ಹಾಗೇ ನಿಂತೆ. ಏನೋ ವಾಸನೆ. ಮೂಗು ತಂದು ಕೊಡದ ಬಾಯಿಗಿಟ್ಟೆ. ಕೊಳೆತ ನಾತ. ಆಚೆಮನೆಯ ಬಚ್ಚಲಿನಿಂದ ಹೊಗೆ ಏಳುತ್ತಿದ್ದದ್ದು ಕಂಡಿತು. ಕೊಡ ಅಲ್ಲೇ ಬಿಟ್ಟು ಓಡಿದೆ. ಅಕ್ಕ ಹಂಡೆಯಿಂದ ಬಿಸಿನೀರು ತೋಡಿ ತಣ್ಣೀರು ಬೆರೆಸುತ್ತಿದ್ದರು, ಮಗಳು ಎಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಕೂತಿದ್ದಳು.

"ಅಕ್ಕ, ಆ ನೀರ್ ಹೊಯ್ಬೇಡಿ!" ಎಂದು ಕೂಗಿ ಬೆರೆಸಿದ ಕೊಪ್ಪರಿಗೆಯನ್ನು ಕಾಲಲ್ಲೇ ಮಗುಚಿದೆ.

"ನಿಂಗೆ ಮಂಡೆ ಸಮ ಇಲ್ಯಾ? ಬಾಣಂತಿ ಮೀಯೂ ನೀರ್ ಚೆಲ್ತ್ಯಲೆ!" ಅಕ್ಕ ಕೊಪ್ಪರಿಗೆಯನ್ನು ಎತ್ತಿ ನೆಟ್ಟಗೆ ಇಟ್ಟರು. ನಾನು ತಣ್ಣೀರಿನ ಬಕೆಟನ್ನು ಅವರ ಮುಖದ ಹತ್ತಿರ ಹಿಡಿದೆ. ಅವರು ಮೂಸಿದರು. ಮೆಲ್ಲಗೆ ಮಗಳ ಹೆಗಲಿಗೆ ಸೀರೆ ಹೊದಿಸಿ ಒಳಗೆ ಕರೆದುಕೊಂಡು ಹೋದರು. ಮೂಸಿದ ಮೇಲೂ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹೊಸ್ ಮಳಿ ನೀರ್ ಹಾಂಗೇ. ನಾಕ್ ದಿನ ಹೋಯ್ಲಿ, ತಿಳಿ ಆತ್ತ್" ಎಂದರು ಅತ್ತೆ. ಆದರೂ ನಮ್ಮನೆಯವರು ಪಂಪು ತಂದು ಬಾವಿ ಬರಿದು ಮಾಡಿಸಿದರು, ಬ್ಲೀಚಿಂಗ್ ಪೌಡರ್ ಹಾಕಿಸಿದರು. ಶೆಡ್ಡಿನ ಹಿಂದಿನ ಹೊಟ್ಟಿನ ರಾಶಿಯನ್ನು ಟೆಂಪೋದಲ್ಲಿ ಬೇರೆಡೆ ಸಾಗಿಸಿದರು. ಅಲ್ಲಿಯವರೆಗೆ ಎರಡೂ ಮನೆಯವರು ರಸ್ತೆಯಾಚೆಯ ಮನೆಯಿಂದ ನೀರು ಹೊತ್ತೆವು. ಬಾಣಂತಿಗೆ ಹೊತ್ತ ನೀರು ಎಲ್ಲಿ ಸಾಕಾದೀತು? ಬಾವಿ ಮತ್ತೆ ತುಂಬಿತು. ವಾಸನೆ ಇರಲಿಲ್ಲ, ನೀರು ತಿಳಿಯಾಗಿತ್ತು. ಮೊದಲು ಬಟ್ಟೆಗೆ, ಆಮೇಲೆ ಸ್ನಾನಕ್ಕೆ, ಆಮೇಲೆ ಕುದಿಸಿ ಕುಡಿಯಲು. ಹೀಗೆ ಒಂದೊಂದಾಗಿ ಎಲ್ಲರೂ ಬಾವಿಗೆ ಮರಳಿದರು.

ನನ್ನ ಮನಸ್ಸು ಮಾತ್ರ ಮರಳಲಿಲ್ಲ. ತೆಂಗಿನ ಬುಡದಲ್ಲಿ ಹೂತದ್ದು ಬುಡದಲ್ಲೇ ಇದೆ, ಮಳೆ ಅದರ ಮೇಲೆಯೇ ಇಳಿಯುತ್ತಿದೆ. ಕೊಡ ಕೊಡಕ್ಕೂ ಮೂಸುತ್ತಿದ್ದೆ. ನೀರನ್ನು ಪರೀಕ್ಷೆಗೆ ಕೊಡುವ ಎಂದು ದಿನಾ ಹೇಳಿದೆ. "ಲ್ಯಾಬ್ ಎಂತಕೆ, ನಿನ್ ಮೂಗೇ ಇತ್ತಲೆ" ಎಂದು ನಮ್ಮನೆಯವರು ತಮಾಷೆ ಮಾಡಿದರು. ನಗು ಬರಲಿಲ್ಲ. ಬೆಳಿಗ್ಗೆ ಆಚೆಮನೆಯ ಬಚ್ಚಲಲ್ಲಿ ಮಗು ಅತ್ತರೆ ನನ್ನ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಅದು ಮೀಯುವಾಗ ಎಲ್ಲ ಮಕ್ಕಳೂ ಅಳುವ ಅಳುವೋ ಬೇರೆಯೋ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದೆ. ಒಮ್ಮೆ ಮಗುವಿನ ಮೈಮೇಲೆ ಕೆಂಪು ಗುಳ್ಳೆ ಎದ್ದಾಗ ರಾತ್ರಿ ಅನ್ನ ಸೇರಲಿಲ್ಲ. "ಬಟ್ಟಿ ಸುತ್ತಿ ಎದ್ದ್ ಸೆಕೆ ಗುಳ್ಳಿ, ನಿಂಗ್ ಎಲ್ಲದಕ್ಕೂ ಹೆದ್ರಿಕಿ" ಎಂದು ಅಕ್ಕನೇ ನನಗೆ ಸಮಾಧಾನ ಹೇಳಿದರು.

ಈ ನಡುವೆ ಮನೆಯಲ್ಲಿ ಹೊಸ ಮರಿಗಳ ಮಾತು ಶುರುವಾಗಿತ್ತು. ಮಳೆಗಾಲ, ಸೆಕೆಯ ಕಾಟ ಇಲ್ಲ, ಈಗ ಮರಿ ತರಿಸಿದರೆ ಅನುಕೂಲ ಎಂದು. ಶೆಡ್ಡು ಗುಡಿಸಿ, ಸುಣ್ಣ ಬಳಿದು, ಹೊಸ ಹೊಟ್ಟು ಹಾಸಿ ಆಯಿತು. ಕಂಪನಿಯ ಹುಡುಗ ಬಂದು ಎಲ್ಲ ನೋಡಿ, ಬಾವಿಯ ನೀರನ್ನು ಪರೀಕ್ಷೆಯ ಮದ್ದು ಹಾಕಿದ್ದ ಒಂದು ಸಣ್ಣ ಬಾಟಲಿಗೆ ತುಂಬಿಸಿಕೊಂಡು ಹೋದ. ಮರಿ ಕೊಡುವ ಮುಂಚೆ ಅದೊಂದು ಕ್ರಮ.

ಅವನು ಮತ್ತೆ ಬಂದಾಗ ಬೆಳಗಿನ ಮಳೆ ಬಿಟ್ಟಿತ್ತು. ನಾನು ಬಾವಿಕಟ್ಟೆಯ ಹತ್ತಿರ ಮೀನು ತೊಳೆಯುತ್ತಿದ್ದೆ. ಅಕ್ಕ ಆ ಬದಿಯಲ್ಲಿ ಕೊಡಪಾನ ಇಳಿಬಿಟ್ಟಿದ್ದರು. ನಮ್ಮನೆಯವರು ಅವನನ್ನು ಶೆಡ್ಡಿನ ಕಡೆ ಕರೆದರೆ ಅವನು ಅಲ್ಲೇ ನಿಂತು ಜೇಬಿನಿಂದ ಬಾಟಲಿ ತೆಗೆದ. ಒಳಗಿನ ನೀರು ಮಸಿಯಂತೆ ಕಪ್ಪಗಾಗಿತ್ತು.

"ನೀರು ಒಳ್ಳೆಯದಿದ್ರೆ ಬಣ್ಣ ತಿರುಗೋದಿಲ್ಲ ಸಾರ್. ಇದರಲ್ಲಿ ಹೊಲಸು ಸೇರಿದೆ. ಈ ನೀರು ಮರಿಗಳಿಗೆ ಆಗೋದಿಲ್ಲ, ಭೇದಿ ಹಿಡಿದು ಸಾಯ್ತವೆ. ಬೇರೆ ನೀರಿನ ವ್ಯವಸ್ಥೆ ಮಾಡಿ, ಆಮೇಲೆ ಮರಿ ಕಳಿಸ್ತೀವಿ" ಎಂದ.

"ಅಷ್ಟೇ ಅಲ್ದಾ? ಟ್ಯಾಂಕರ್ ತರ್ಸ್ತೆ" ಎಂದರು ನಮ್ಮನೆಯವರು. ಹೇಳಿದವರೇ ಫೋನು ತೆಗೆದು ಹಚ್ಚಿಯೂ ಬಿಟ್ಟರು. ಕೈಯಲ್ಲಿದ್ದ ಬಂಗುಡೆ ನನ್ನ ಕೈಯಲ್ಲೇ ಉಳಿಯಿತು. ರಸ್ತೆಯಾಚೆಯಿಂದ ಕೊಡ ಹೊತ್ತು ಹೊತ್ತು ನಮ್ಮ ಸೊಂಟ ಬಿದ್ದುಹೋದಾಗ ಈ ಟ್ಯಾಂಕರು ಯಾರ ಬಾಯಲ್ಲೂ ಬಂದಿರಲಿಲ್ಲ. ಮರಿಗಳ ಹೆಸರೆತ್ತಿದ ಕೂಡಲೇ ಬಂತು. ಎದೆಯಿಂದ ಮೇಲೆ ಬೆಂಕಿ ಹತ್ತಿದಂತಾಯಿತು ನನಗೆ.

ಆಚೆ ಬದಿಯಲ್ಲಿ ರಾಟೆಯ ಸದ್ದು ನಿಂತಿತ್ತು. ಅಕ್ಕ ಹಗ್ಗವನ್ನು ಎಳೆಯಲೂ ಇಲ್ಲ, ಬಿಡಲೂ ಇಲ್ಲ. ಆ ಬಾಟಲಿಯನ್ನೇ ನೋಡುತ್ತಿದ್ದರು.

"ಕೋಳಿಗ್ ಆತಿಲ್ಲೆ ಅಂದ್ರ್ಯಾ?" ಎಂದು ಹುಡುಗನನ್ನು ಕೇಳಿದರು. ದನಿ ಜೋರಿರಲಿಲ್ಲ. "ಇವತ್ ಬೆಳಿಗ್ಗೆ ನಾ ಮಗಿನ್ ಇದ್ರಗೇ ಮೀಸ್ದೆ."

ಹುಡುಗ ಬಾಟಲಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. ನಮ್ಮನೆಯವರು ಫೋನನ್ನು ಕಿವಿಯಿಂದ ಕೆಳಗಿಳಿಸಿದರು. ಫೋನಿನೊಳಗಿಂದ ಟ್ಯಾಂಕರಿನವನ ದನಿ ಎಲ್ಲರಿಗೂ ಕೇಳುತ್ತಿತ್ತು.

"ಹ್ವಾಯ್, ಕೇಂತಾ? ಯಾವ್ ಮನಿಗೆ? ಮನಿ ಗುರ್ತ್ ಹೇಳಿ ಕಾಂಬ."

ನಾನು ಎದ್ದು, ಮೀನಿನ ಕೈಯಲ್ಲೇ ಅವರಿಂದ ಫೋನು ಕಸಿದುಕೊಂಡು, ಆಚೆಮನೆಯ ಗುರುತು ಹೇಳಿದೆ.